ಹಾಲು ಇಳಿಯುವ ಪದ

ಜವರಮ್ಮ ಪದವನ್ನು ಅರ್ಧಕ್ಕೇ ನಿಲ್ಲಿಸಿದಳು. ಗುಡಿಸಲಿನೊಳಗೆ ಸುತ್ತ ಕುಳಿತಿದ್ದ ಹೆಂಗಸರ ಬಾಯಿಯೂ ಅವಳ ಬಾಯಿಯ ಜೊತೆಗೇ ನಿಂತಿತು. ಒಲೆಯ ಮೇಲೆ ರಾಗಿ ಗಂಜಿ ಕುದಿಯುವ ಸದ್ದು, ಅದರ ಹಿಂದೆ ಕೂಸಿನ ಸಣ್ಣ ಅಳು, ಇಷ್ಟೇ ಉಳಿಯಿತು. ಮುದುಕಿ ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಿನಲ್ಲೇ ಮುಖವನ್ನು ಮೆಲ್ಲಗೆ ಅತ್ತಿಂದಿತ್ತ ತಿರುಗಿಸಿದಳು. ಬಾಗಿಲ ದಿಕ್ಕಿಗೆ ಬಂದಾಗ ಮುಖ ಅಲ್ಲೇ ನಿಂತಿತು.

“ಇಲ್ಲೊಂದು ಬಾಯಿ ಸುಮ್ಕ ಕುಂತದ,” ಎಂದಳು.

ಬಾಗಿಲ ಪಕ್ಕದಲ್ಲಿ ಕುಳಿತಿದ್ದವಳು ತೋರಾ. ಮಡಿಲಲ್ಲಿ ದಪ್ಪ ನೋಟುಬುಕ್ಕು, ಬೆರಳುಗಳ ನಡುವೆ ಪೆನ್ಸಿಲ್ಲು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಗೊತ್ತಾಗಿ ಅವಳ ಬಿಳಿ ಮುಖ ಕಿವಿಯವರೆಗೂ ಕೆಂಪಾಯಿತು. ತಾನು ಮಾಡಿದ ತಪ್ಪೇನೆಂದು ಅವಳಿಗೆ ತಿಳಿಯಲಿಲ್ಲ. ಉಸಿರಾಡುವುದೂ ಕೇಳಿಸದ ಹಾಗೆ ಕುಳಿತಿದ್ದಳು. ಹಾಡು ಕೇಳಲು ಹೋದವರು ಹಾಗೆ ಕುಳಿತಿರಬೇಕು, ಆ ಮನೆಯಲ್ಲಿ ತಾವಿಲ್ಲವೇ ಇಲ್ಲ ಅನ್ನುವಂತಿರಬೇಕು ಎಂದು ಅವಳ ಊರಿನ ಕಾಲೇಜಿನಲ್ಲಿ ಮೂರು ವರ್ಷ ಕಲಿಸಿದ್ದರು.

ಅವಳ ಊರು ಡೆನ್ಮಾರ್ಕಿನ ಕಡಲ ತೀರದಲ್ಲಿತ್ತು. ಹಡಗು ಹತ್ತಿ ಬಂದು, ಮೈಸೂರಿನಲ್ಲಿ ಒಂದು ವರ್ಷ ಕನ್ನಡ ಕಲಿತು, ಈಗ ಎರಡೂವರೆ ತಿಂಗಳಿನಿಂದ ಗೆಟ್ಟವಾಡಿಯ ಬಸವಯ್ಯನವರ ಮನೆಯಲ್ಲಿದ್ದಳು. ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಕಾಡಿಗೆ ಹೋಗುವುದೆಂದರೇನು ಎಂದು ಬಸವಯ್ಯನವರ ಹೆಂಡತಿ ಶಿವಮಲ್ಲಮ್ಮ ದಿನವೂ ಬೆಳಗ್ಗೆ ದನಗಳ ಕೆಲಸ ಮುಗಿಸಿ, ರೊಟ್ಟಿ ಕಟ್ಟಿಕೊಂಡು, ಅವಳ ಜೊತೆ ಬೆಟ್ಟ ಹತ್ತುತ್ತಿದ್ದರು. ಮೊದಲ ವಾರ ಜವರಮ್ಮ ಇದ್ದ ಸೋಲಿಗರ ಹಟ್ಟಿಯಲ್ಲಿ, ಅಂದರೆ ಪೋಡಿನಲ್ಲಿ, ಬೇರೆಯವರ ನೀರು ಮುಟ್ಟಬೇಕಾದೀತೆಂದು ಮನೆಯಿಂದಲೇ ತಂಬಿಗೆಯಲ್ಲಿ ನೀರು ಒಯ್ದರು. ಎರಡನೆಯ ವಾರ ತಂಬಿಗೆ ಭಾರ ಎಂದರು. ಮೂರನೆಯ ವಾರ ಅಲ್ಲಿಯ ಹನ್ನೊಂದು ಗುಡಿಸಲುಗಳಲ್ಲಿ ಯಾರ ಮನೆಯ ಜೇನು ಗಟ್ಟಿ, ಯಾರ ಮನೆಯ ಗೆಣಸು ಸಿಹಿ ಎಂದು ಅವರಿಗೆ ಗೊತ್ತಾಗಿತ್ತು.

ತೋರಾ ಇಷ್ಟು ದಿನದಲ್ಲಿ ಇಪ್ಪತ್ತು ಪದ ಬರೆದುಕೊಂಡಿದ್ದಳು. ಜೇನು ಕೀಳುವಾಗಿನದು, ರಾಗಿ ಬಿತ್ತುವಾಗಿನದು, ಮದುವೆಯಲ್ಲಿ ಬೀಗರನ್ನು ರೇಗಿಸುವುದು. ಅವನ್ನೆಲ್ಲ ಇನ್ನೊಮ್ಮೆ ಹೇಳಿ ಎಂದರೆ ಹೆಂಗಸರು ನಕ್ಕು ಇನ್ನೊಮ್ಮೆ ಹೇಳುತ್ತಿದ್ದರು. ಆದರೆ ಅವಳ ಗುರುಗಳು ಕೇಳಿ ಕಳಿಸಿದ್ದು ಅವಲ್ಲ. ಕಾಯಿಲೆ ಬಿದ್ದವರಿಗೆ ಹೇಳುವ ಪದ ಬೇಕು, ಅದು ಮೊದಲಿನಿಂದ ಕೊನೆಯವರೆಗೆ ಬೇಕು, ಅದಿಲ್ಲದೆ ನಿನ್ನ ಓದು ಮುಗಿಯುವುದಿಲ್ಲ ಎಂದು ಕಾಗದ ಬರೆದಿದ್ದರು. ಅಂಥ ಪದವನ್ನು ಸುಮ್ಮನೆ ಹೇಳುವಂತಿಲ್ಲ, ಕಾಯಿಲೆ ಇರಬೇಕು ಎಂದು ಜವರಮ್ಮ ಹೇಳಿದ್ದಳು. ತೋರಾ ಯಾರಿಗೂ ಕಾಯಿಲೆ ಬರಲಿ ಎಂದು ಬಯಸುವ ಹುಡುಗಿಯಲ್ಲ. ಸುಮ್ಮನೆ ಕಾದಳು. ಕಾಡಿನೊಳಗೆ ಓಡಾಡಲು ರೇಂಜರು ಬರೆದುಕೊಟ್ಟ ಕಾಗದ ಈ ಶನಿವಾರಕ್ಕೆ ಮುಗಿಯುತ್ತಿತ್ತು. ಇವತ್ತು ಬುಧವಾರ.

ಐದು ದಿನದ ಹಿಂದೆ ಕೆಂಪನ ಹೆಂಡತಿ ರಂಗಿಗೆ ಹೆರಿಗೆಯಾಗಿತ್ತು. ಹದಿನೆಂಟು ವರ್ಷದವಳು, ಚೊಚ್ಚಲು. ಮೂರನೆಯ ದಿನ ಮುಂಜಾನೆ ಒಂಟಿ ಆನೆಯೊಂದು ಬಂದು ಪಕ್ಕದ ಗುಡಿಸಲ ಹುಲ್ಲು ಎಳೆದು ಹೋಯಿತು. ರಂಗಿ ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕುಳಿತವಳು ಆಮೇಲೆ ನಕ್ಕಿಲ್ಲ, ಮಾತೂ ಆಡಿಲ್ಲ. ಎದೆ ಕಲ್ಲಿನ ಹಾಗೆ ಬಿಗಿದಿತ್ತು. ಹಾಲು ಇತ್ತು, ಇಳಿಯುತ್ತಿರಲಿಲ್ಲ. ಜವರಮ್ಮ ‘ಹಲವು ಮಕ್ಕಳ ತಾಯಿ’ ಎನ್ನುವ ಬೇರನ್ನು ಅರೆದು ಗಂಜಿಗೆ ಹಾಕಿ ಕುಡಿಸಿದಳು, ಬಿಸಿ ಬಟ್ಟೆ ಇಟ್ಟಳು. ಮೇಕೆಯ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಕೂಸಿನ ತುಟಿಗೆ ಹಿಡಿಯುತ್ತಿದ್ದರು. ಅದು ಒಂದಿಷ್ಟು ಚೀಪಿ, ಇದಲ್ಲ ಎಂದು ಮುಖ ತಿರುಗಿಸುತ್ತಿತ್ತು.

ಈಗ ಮುದುಕಿ ಕಣ್ಣು ಬಿಟ್ಟು ತೋರಾಳನ್ನು ನೋಡಿದಳು. ಬಯ್ಯುವ ದನಿಯಲ್ಲಿ ಹೇಳಲಿಲ್ಲ. ಒಲೆಗೆ ಕಟ್ಟಿಗೆ ಹೇಗೆ ಇಡಬೇಕೆಂದು ಹೇಳಿಕೊಡುವವರ ಹಾಗೆ ಹೇಳಿದಳು.

“ಈ ಪದಕ್ಕ ಕೇಳೋರು ಇಲ್ಲ ಕಣ್ ಕೂಸೇ, ಯೋಳೋರೇ ಎಲ್ಲ. ಒಬ್ರು ನೋಡ್ತಾ ಕುಂತ್ರ ಆಲು ನಾಚ್ಕತದ. ನಾಚ್ದ ಆಲು ಇಳಿಯದಿಲ್ಲ.”

ಅದು ನಿಜವೆಂಬುದಕ್ಕೆ ಹೊರಗೆ ಬಿದಿರು ಸೀಳುತ್ತಿದ್ದ ಕೆಂಪನೇ ಸಾಕ್ಷಿ. ಒಳಗೆ ಜವರಮ್ಮ ಹಾಲನ್ನು ಬೆಟ್ಟದ ತುದಿಯಿಂದ, ಬೇರಿನ ಬುಡದಿಂದ, ಜೇನಿನ ತಟ್ಟೆಯಿಂದ ಕರೆಯುವಾಗ ಹೆಂಗಸರು ಒಟ್ಟಾಗಿ “ಇಳ್ದು ಬಾ” ಎನ್ನುತ್ತಿದ್ದರು. ಆಗ ಕೆಂಪನೂ ಕತ್ತಿ ಬೀಸುತ್ತಲೇ “ಇಳ್ದು ಬಾ” ಎನ್ನುತ್ತಿದ್ದ. ಕೂಗಳತೆಯಲ್ಲಿ ಇರುವವರಿಗೆಲ್ಲ ಇದೇ ಕಟ್ಟಳೆ. ಶಿವಮಲ್ಲಮ್ಮನವರಂತೂ ಮೊದಲ ಸಾಲಿನಿಂದಲೇ, ಯಾರೂ ಕೇಳದೆಯೇ, ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದರು.

“ಕ್ಷಮಿಸಿ. ನಾನು ಹಾಡಲಾರೆ. ನನಗೆ ಕಂಠವಿಲ್ಲ,” ಎಂದಳು ತೋರಾ, ಪುಸ್ತಕದ ಕನ್ನಡದಲ್ಲಿ.

ಜವರಮ್ಮ ಶಿವಮಲ್ಲಮ್ಮನವರ ಮುಖ ನೋಡಿದಳು.

“ಗಂಟ್ಲು ಸರಿಯಿಲ್ವಂತ ಕಣ ಜವರಿ,” ಎಂದು ಶಿವಮಲ್ಲಮ್ಮ ಬಿಡಿಸಿ ಹೇಳಿದರು.

ಗಂಟಲಿನ ಕಾಯಿಲೆ ಎಂದ ಮೇಲೆ ಮುದುಕಿ ಬಿಡುವವಳಲ್ಲ. ಎದ್ದು ಬಂದು ತೋರಾಳ ಗದ್ದ ಎತ್ತಿ ಹಿಡಿದು, ಎರಡೂ ಕಡೆ ಬೆರಳಿಟ್ಟು ಒತ್ತಿ ನೋಡಿದಳು. ಬಾಯಿ ತೆರೆಸಿ ಬೆಳಕಿಗೆ ತಿರುಗಿಸಿದಳು. ಹೆಂಗಸರೂ ಕತ್ತು ನೀಡಿ ಇಣುಕಿದರು, ಒಬ್ಬಳು ಹಲ್ಲು ಚೆನ್ನಾಗಿವೆ ಎಂದಳು. ಬಾವಿಲ್ಲ, ಗಂಟಿಲ್ಲ ಎಂದು ಜವರಮ್ಮನಿಗೆ ಆಶ್ಚರ್ಯವಾಯಿತು. ಆದರೂ ಇರಲಿ ಎಂದು ಆಡುಸೋಗೆ ಸೊಪ್ಪಿನ ರಸಕ್ಕೆ ಮೆಣಸು ಕುಟ್ಟಿ ಹಾಕಿ, ಜೇನು ಬೆರೆಸಿ, ಎದುರಿಗೆ ನಿಂತು ಕುಡಿಸಿದಳು. ಕಹಿಗೆ ತೋರಾಳ ಕಣ್ಣಲ್ಲಿ ನೀರು ಬಂತು. ನಾಳೆಗೆ ಸರಿಹೋಗುತ್ತದೆ, ಇವತ್ತಿಗೆ ಕೂಸಿಗೆ ಮೇಕೆಯ ಹಾಲೇ ಇರಲಿ, ನಾಳೆ ಪದ ಹೇಳೋಣ ಎಂದು ಎಲ್ಲರೂ ಎದ್ದರು.

ಇಳಿಜಾರಿನಲ್ಲಿ ಮನೆಗೆ ಬರುವಾಗ ತೋರಾ ಮುಂದೆ ಮುಂದೆ ನಡೆದಳು. ಶಿವಮಲ್ಲಮ್ಮನವರು ಏನೂ ಕೇಳಲಿಲ್ಲ. ನಾಲ್ಕು ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದವರು. ಯಾವಾಗ ಕೇಳಬೇಕು, ಯಾವಾಗ ಅವರೆಕಾಯಿ ಮುಂದೆ ಹಾಕಿಕೊಂಡು ಸುಮ್ಮನೆ ಸುಲಿಯುತ್ತಾ ಕೂರಬೇಕು ಎಂದು ಅವರಿಗೆ ಗೊತ್ತಿತ್ತು. ಸಂಜೆ ಹಜಾರದಲ್ಲಿ ಇಬ್ಬರೂ ಸುಲಿಯುತ್ತಾ ಕುಳಿತಾಗ, ಅರ್ಧ ಬುಟ್ಟಿ ಮುಗಿಯುವ ಹೊತ್ತಿಗೆ, ಹುಡುಗಿ ತಾನಾಗಿಯೇ ಹೇಳಿದಳು.

ಒಂಬತ್ತು ವರ್ಷದವಳಿದ್ದಾಗ ಶಾಲೆಯ ಮಕ್ಕಳೆಲ್ಲ ಸೇರಿ ಹಾಡುವುದಿತ್ತು. ಕಲಿಸುವಾಕೆ ಒಳ್ಳೆಯವಳೇ. ತೋರಾಳನ್ನು ಪಕ್ಕಕ್ಕೆ ಕರೆದು, ಕೆನ್ನೆ ಸವರಿ, ನೀನು ತುಟಿ ಮಾತ್ರ ಆಡಿಸು ಮಗು, ಸದ್ದು ಬೇಡ ಎಂದಿದ್ದಳು. ತೋರಾ ಹಾಗೆಯೇ ಮಾಡಿದಳು. ಅವತ್ತು ಮನೆಗೆ ಹೋದ ಮೇಲೆ ಅವಳ ತಾಯಿ, ಮೀನು ಉಜ್ಜುತ್ತಾ, ಅಷ್ಟು ಮಕ್ಕಳ ನಡುವೆ ನಿನ್ನ ದನಿಯೇ ನನಗೆ ಚೆನ್ನಾಗಿ ಕೇಳಿಸಿತು ಎಂದಿದ್ದಳು. ತೋರಾ ನಿಜ ಹೇಳಲಿಲ್ಲ. ಆಮೇಲೆ ಎಲ್ಲಿಯೂ ಹಾಡಲಿಲ್ಲ. ಹಾಡು ಬಿಟ್ಟಿರಲಾರದೆ ಬೇರೆಯವರ ಹಾಡು ಬರೆದುಕೊಳ್ಳುವ ಓದಿಗೆ ಸೇರಿದಳು.

ಶಿವಮಲ್ಲಮ್ಮನವರು ಕೈಯಲ್ಲಿದ್ದ ಅವರೆಕಾಯಿ ಸುಲಿದು ಮುಗಿಸಿದರು. ಆಮೇಲೆ, “ಅವ್ವಂದ್ರು ಸುಳ್ಳು ಯೋಳದೇ ಅಂಗೆ ಕಣ್ಮಗ,” ಎಂದು ಎದ್ದು ಸಿಪ್ಪೆಯನ್ನು ಕರುವಿಗೆ ಹಾಕಲು ಹೋದರು.

ಮರುದಿನ ಗುರುವಾರ. ರಂಗಿಯ ಕೂಸು ಮೊದಲಿಗಿಂತ ಸಣ್ಣ ದನಿಯಲ್ಲಿ ಅಳುತ್ತಿತ್ತು. ಹೆಂಗಸರು ಬಂದು ಕುಳಿತರು. ಜವರಮ್ಮ ತೋರಾಳ ಗಂಟಲನ್ನು ಇನ್ನೊಮ್ಮೆ ಒತ್ತಿ ನೋಡಿ ತಲೆಯಾಡಿಸಿ, ಒಲೆಯ ಮುಂದೆ ಕುಳಿತು ಕಣ್ಣು ಮುಚ್ಚಿದಳು. ಪದ ಶುರುವಾಯಿತು. ತೋರಾ ನೋಟುಬುಕ್ಕನ್ನು ಸೆರಗಿನಡಿ ಇಟ್ಟುಕೊಂಡಳು. ತನಗೆ ಗೊತ್ತಿದ್ದ ಉಪಾಯವನ್ನೇ ಮಾಡಿದಳು. ಎಲ್ಲರೂ “ಇಳ್ದು ಬಾ” ಎನ್ನುವಾಗ ಅವಳೂ ತುಟಿ ಅಗಲಿಸಿದಳು, ತುಟಿ ಕೂಡಿಸಿದಳು. ಹದಿನಾಲ್ಕು ವರ್ಷದಿಂದ ರೂಢಿಯಾದ ಕೆಲಸ; ಪಕ್ಕದಲ್ಲಿ ಕುಳಿತ ಶಿವಮಲ್ಲಮ್ಮನವರಿಗೂ ಗೊತ್ತಾಗಲಿಲ್ಲ. ಮೂರು ಸಾಲು ಹೋಯಿತು, ನಾಲ್ಕು ಹೋಯಿತು. ತೋರಾಳ ಎದೆ ಹಗುರವಾಗುತ್ತಾ ಬಂತು.

ಆರನೆಯ ಸಾಲಿಗೆ ಜವರಮ್ಮ ನಿಲ್ಲಿಸಿದಳು. ಕಣ್ಣು ಮುಚ್ಚಿಯೇ ಇತ್ತು.

“ಬಾಯಿ ಆಡ್ತದ, ಉಸ್ರಿಲ್ಲ,” ಎಂದಳು.

ಯಾರೂ ನಗಲಿಲ್ಲ. ಗೋಡೆಗೆ ಒರಗಿದ್ದ ರಂಗಿ ಮಾತ್ರ ಆನೆ ಬಂದು ಹೋದ ಮೇಲೆ ಮೊದಲ ಬಾರಿಗೆ ತಲೆ ತಿರುಗಿಸಿ ತೋರಾಳನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ತನ್ನ ಹಾಗೆಯೇ ಏನೋ ಬಿಗಿದುಕೊಂಡ ಇನ್ನೊಬ್ಬಳನ್ನು ನೋಡುವ ಹಾಗಿತ್ತು. ಮುದುಕಿ ಎದ್ದು ಬಂದು ತೋರಾಳ ತಲೆ ಸವರಿದಳು. ಆಗದಿದ್ದರೆ ಬೇಡ, ತಪ್ಪಿಲ್ಲ, ಹಳ್ಳದ ಆಚೆಗೆ ಹೋಗಿ ಕುಳಿತುಕೋ, ಅಲ್ಲಿಗೆ ಪದ ಕೇಳಿಸುವುದಿಲ್ಲ, ಕೇಳಿಸದ ಮೇಲೆ ಹೇಳಲೂ ಬೇಕಿಲ್ಲ ಎಂದಳು.

ತೋರಾ ಹೋದಳು. ಹಳ್ಳದಲ್ಲಿ ಮೊಣಕಾಲವರೆಗೆ ನೀರಿತ್ತು. ದಾಟಿ, ಆಚೆ ದಡದ ಕಲ್ಲಿನ ಮೇಲೆ ಕುಳಿತಳು. ಕಿವಿಗೊಟ್ಟಳು. ನೀರು ಕಲ್ಲುಗಳ ನಡುವೆ ಹರಿಯುವುದು ಬಿಟ್ಟರೆ ಏನೂ ಇಲ್ಲ. ನೋಟುಬುಕ್ಕು ತೆರೆದಳು. ಇಪ್ಪತ್ತೊಂದು ಎಂದು ಅಂಕಿ ಹಾಕಿ, ಕೆಳಗೆ ಐದು ಸಾಲು ಬರೆದಿದ್ದ ಪುಟ. ಉಳಿದದ್ದು ಖಾಲಿ. ನಾಳೆ ಶುಕ್ರವಾರ, ನಾಡಿದ್ದು ತಾಳವಾಡಿಗೆ ಹೋಗಿ ಬಸ್ಸು ಹತ್ತಬೇಕು. ಇಷ್ಟು ದೂರ ಬಂದು, ಬೇಕಾದ ಪದ ಒಂದು ಹಳ್ಳದಾಚೆ ನಡೆಯುತ್ತಿರುವಾಗ, ತಾನು ಇಲ್ಲಿ ನೀರು ನೋಡುತ್ತಾ ಕುಳಿತಿದ್ದೇನೆ ಎಂದುಕೊಂಡಳು. ಅಳು ಬರುವ ಹಾಗಾಯಿತು.

ಸ್ವಲ್ಪ ಕೆಳಗೆ ಜವರಮ್ಮನ ಗಂಡ ಜಡೆಯ, ಬುಟ್ಟಿ ತುಂಬ ಕಾಡುಗೆಣಸು ತಂದು ಒಂದೊಂದಾಗಿ ತೊಳೆಯುತ್ತಿದ್ದ. ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದ. ತೋರಾ ಮೊದಲು ಅದನ್ನು ಕೆಮ್ಮು ಎಂದುಕೊಂಡಳು. ಕೇಳುತ್ತಾ ಕೇಳುತ್ತಾ ಅದು ಪದ ಎಂದು ತಿಳಿಯಿತು. ಒಣಗಿದ ಬಾಗಿಲನ್ನು ನೆಲದ ಮೇಲೆ ಎಳೆದ ಹಾಗಿತ್ತು ಆ ದನಿ. ಒಂದು ಸಾಲು ಏರಬೇಕಾದಲ್ಲಿ ಇಳಿಯುತ್ತಿತ್ತು, ಇಳಿಯಬೇಕಾದಲ್ಲಿ ಎಲ್ಲಿಗೋ ಹೋಗುತ್ತಿತ್ತು. ಅವನು ಮಾತ್ರ ಗೆಣಸಿನ ಮಣ್ಣು ಉಜ್ಜುತ್ತಾ ಸುಖವಾಗಿದ್ದ.

ತೋರಾ ಕಣ್ಣೊರೆಸಿಕೊಂಡು ಅವನ ಹತ್ತಿರ ಹೋದಳು. ಜವರಮ್ಮ ಅವನನ್ನೂ ಆಚೆಗೆ ಕಳಿಸಿದ್ದಾಳೆಯೇ ಎಂದು ಕೇಳಿದಳು. ಇಲ್ಲ, ಗೆಣಸು ತೊಳೆದು ಮುಗಿಸಿ ಹೋಗಬೇಕು ಎಂದ. ತಾನು ಬಾಯಿ ಬಿಟ್ಟರೆ ಒರಟು ಕೂಗಿನ ಮಂಗಟ್ಟೆ ಹಕ್ಕಿ ತನ್ನ ಜೋಡಿ ಕರೆಯಿತೆಂದು ಹಾರಿ ಬರುತ್ತದೆ ಎಂದು ಮದುವೆಯಾದಂದಿನಿಂದ ಹೆಂಡತಿ ಅಣಕಿಸುತ್ತಾಳೆ, ಆದರೆ ಒಂದು ಪದಕ್ಕೂ ತನ್ನನ್ನು ಕರೆಯದೆ ಬಿಡುವುದಿಲ್ಲ ಎಂದು ನಕ್ಕ. ಅವನಿಗೆ ಮುಂದಿನ ಹಲ್ಲುಗಳು ಎರಡೇ ಇದ್ದವು.

“ಹಾಡು ಕೆಟ್ಟರೆ?” ಎಂದು ಕೇಳಿದಳು ತೋರಾ.

ಜಡೆಯ ಗೆಣಸು ಉಜ್ಜುವುದನ್ನು ನಿಲ್ಲಿಸಿದ. ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ.

“ಕೆಡಕ್ಕ ಪದ ಯಾನ ಆಲಾ?” ಎಂದ.

ಆಮೇಲೆ ಅವಳು ಕೇಳದೆಯೇ ಪದದ ಉಳಿದ ಅರ್ಧ ಏನೆಂದು ಹೇಳಿದ. ಮೊದಲ ಅರ್ಧ ಜವರಿಯದು. ಅದು ಎಲ್ಲ ಬಾಣಂತಿಯರಿಗೂ ಒಂದೇ. ಎರಡನೆಯ ಅರ್ಧ ಯಾರದೂ ಅಲ್ಲ. ಕುಳಿತ ಒಬ್ಬೊಬ್ಬಳೂ ತನ್ನ ತಾಯಿ ತನ್ನನ್ನು ಮಲಗಿಸುವಾಗ ಹೇಳುತ್ತಿದ್ದ ಒಂದು ಸಾಲು ಕೊಡಬೇಕು. ಮಿಕ್ಕವರು ಅದನ್ನು ಮೂರು ಸಲ ಹೇಳಬೇಕು. ತಾಯಂದಿರೆಲ್ಲ ಬಂದು ಕೂರುತ್ತಾರಲ್ಲ, ಆಗ ಬಾಣಂತಿಗೆ ಧೈರ್ಯ ಬರುತ್ತದೆ. ತೋರಾ ಪೆನ್ಸಿಲ್ಲು ಹಿಡಿದುಕೊಂಡೇ ಕೇಳಿದಳು, ಬರೆಯಲಿಲ್ಲ.

“ನಿಮ್ಮವ್ವ ನಿಂಗ ಯಾನ ಯೋಳ್ತಿದ್ಲು?” ಎಂದ ಜಡೆಯ.

ಅವಳು ನೀರಿನತ್ತ ತಿರುಗಿದಳು. ಹೇಳುವುದಾದರೆ ಇದೇ ಜಾಗ, ನೀರಿನ ಸದ್ದಿದೆ, ಮುದುಕನೊಬ್ಬ ಬಿಟ್ಟರೆ ಯಾರೂ ಇಲ್ಲ. ಬಾಯಿ ತೆರೆದಳು. ಮೊದಲು ಗಾಳಿ ಬಂತು. ಆಮೇಲೆ ಒಂದು ಒರಟು ದನಿ ಬಂತು. ಅವಳೇ ಅದನ್ನು ಗುರುತಿಸಲಿಲ್ಲ. ಪುಟ್ಟ ದೋಣಿಯೇ, ಗಾಳಿ ತಗ್ಗಿತು, ಮನೆಗೆ ಬಾ ಎನ್ನುವ ಒಂದೇ ಸಾಲು, ಅವಳ ತಾಯಿಯ ಭಾಷೆಯಲ್ಲಿ. ತಾಯಿಯೂ ಅದನ್ನು ರಾಗಕ್ಕೆ ಸರಿಯಾಗಿ ಹಾಡುತ್ತಿರಲಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. ಜಡೆಯ ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬಗ್ಗಿ ಇನ್ನೊಂದು ಗೆಣಸು ತೆಗೆದುಕೊಳ್ಳುತ್ತಾ, “ಇಳ್ದು ಬಾ” ಎಂದು ಕರ್ಕಶವಾಗಿ ಮಾರುತ್ತರ ಕೊಟ್ಟ. ತೋರಾ ಇನ್ನೊಮ್ಮೆ ಹೇಳಿದಳು. ಅವನು ಇನ್ನೊಮ್ಮೆ ಕೊಟ್ಟ.

“ಓಗು, ಅಲ್ಲಿ ಯೋಳು,” ಎಂದ ಆಮೇಲೆ. “ನನ್ ಎದೇಲಿ ಆಲಿಲ್ಲ.”

ಅವಳು ನಕ್ಕುಬಿಟ್ಟಳು. ನೋಟುಬುಕ್ಕನ್ನು ಅವನ ಬುಟ್ಟಿಯ ಪಕ್ಕದಲ್ಲಿಟ್ಟು, ಪೆನ್ಸಿಲ್ಲನ್ನೂ ಅದರ ಮೇಲಿಟ್ಟು, ಸೀರೆ ಎತ್ತಿಕೊಂಡು ಹಳ್ಳ ದಾಟಿದಳು.

ಗುಡಿಸಲಿನಲ್ಲಿ ಪದ ಎರಡನೆಯ ಅರ್ಧಕ್ಕೆ ಬಂದಿತ್ತು. ಶಿವಮಲ್ಲಮ್ಮನವರ ಸರದಿ. ಗೆಟ್ಟವಾಡಿಯಿಂದ ಗುಮಟಾಪುರದವರೆಗೂ ಕೇಳಿಸಲಿ ಎನ್ನುವಂತೆ ತಮ್ಮ ತಾಯಿಯ ತೊಟ್ಟಿಲ ಸಾಲು ಹೇಳುತ್ತಿದ್ದರು. ಒದ್ದೆ ಕಾಲಿನಲ್ಲಿ ಬಂದ ತೋರಾಳನ್ನು ನೋಡಿದರು, ಸಾಲು ಬಿಡದೆ ಕೊಂಚ ಸರಿದು ಜಾಗ ಕೊಟ್ಟರು. ತೋರಾ ಕುಳಿತಳು. ಎಲ್ಲರೂ ಶಿವಮಲ್ಲಮ್ಮನವರ ಸಾಲನ್ನು ಮೂರು ಸಲ ಹೇಳಿದರು. ಅವಳೂ ಹೇಳಿದಳು, ಮೊದಲ ಸಲ ಅರ್ಧ, ಮೂರನೆಯ ಸಲ ಪೂರ್ತಿ. ಜವರಮ್ಮ ಕಣ್ಣು ಮುಚ್ಚಿಕೊಂಡೇ ಮುಖವನ್ನು ಅವಳತ್ತ ತಿರುಗಿಸಿ ಕಾದಳು.

ತೋರಾ ತನ್ನ ತಾಯಿಯ ಸಾಲು ಹೇಳಿದಳು. ಹಳ್ಳದಲ್ಲಿ ಹೇಳಿದಷ್ಟೂ ಚೆನ್ನಾಗಿ ಬರಲಿಲ್ಲ. ನಡುವೆ ದನಿ ಒಡೆದು, ಮೇಲಕ್ಕೆ ಹಾರಿ, ಒಂಟಿ ಕಾಲಿನಲ್ಲಿ ಕೆಳಗೆ ಬಂತು. ಯಾರ ಮುಖದಲ್ಲಿಯೂ ಏನೂ ಬದಲಾಗಲಿಲ್ಲ. “ಇಳ್ದು ಬಾ,” ಎಂದಳು ಜವರಮ್ಮ, ಬೇರೆ ಎಲ್ಲ ಸಾಲಿಗೂ ಹೇಳಿದ ಹಾಗೆಯೇ. ಹೆಂಗಸರು ಆ ಅರಿಯದ ಮಾತುಗಳನ್ನು ಬಾಯಿಗೆ ತೆಗೆದುಕೊಂಡು, ಹೊಸ ತಿಂಡಿಯ ಹಾಗೆ ಒಂದಿಷ್ಟು ಅಗಿದು, ತಮಗೆ ಬಂದಂತೆ ಹೇಳಿದರು. ತಾವು ಹೇಳಿದ್ದು ಸರಿಯೇ ಎಂದು ಅವಳ ತುಟಿ ನೋಡಿದರು. ತೋರಾ ಮತ್ತೆ ಹೇಳಿಕೊಟ್ಟಳು, ಈ ಸಲ ಜೋರಾಗಿ.

ಆಗ ಹೊರಗಿನಿಂದ ಜಡೆಯನ ದನಿ ಬಂತು. ಗೆಣಸಿನ ಬುಟ್ಟಿ ತಲೆಯ ಮೇಲೆ ಹೊತ್ತು ಅಂಗಳಕ್ಕೆ ಬಂದವನು, ಒಳಗೆ ನಡೆಯುತ್ತಿದ್ದ ಸಾಲನ್ನು ಹಳ್ಳದಿಂದಲೇ ಕಲಿತು ಬಂದ ಧೈರ್ಯದಲ್ಲಿ, ಗಂಟಲು ಹರಿಯುವಂತೆ ಎತ್ತಿಕೊಂಡ. ಒಳಗೆ ತೋರಾ, ಹೊರಗೆ ಅವನು. ಅವಳ ದನಿ ಒಡೆದು ಮೇಲೆ ಹೋದಲ್ಲಿ ಅವನದು ಒಡೆದು ಕೆಳಗೆ ಹೋಗುತ್ತಿತ್ತು. ಎರಡೂ ಎಲ್ಲಿಯೂ ಸೇರದೆ, ಒಂದನ್ನೊಂದು ಹುಡುಕುತ್ತಾ ಹೋದವು. ಜವರಮ್ಮ ಬಾಯಿಗೆ ಸೆರಗು ಹಿಡಿದಳು. ಅವಳ ಭುಜ ಅಲ್ಲಾಡುತ್ತಿತ್ತು.

“ಮಂಗಟ್ಟೆಗ ಜೋಡಿ ಸಿಕ್ತು,” ಎಂದಿತು ಒಂದು ಸಣ್ಣ ದನಿ.

ಹೇಳಿದವಳು ರಂಗಿ. ಹೇಳಿದ ಮೇಲೆ ಅವಳಿಗೇ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಬಾಣಂತಿಯ ಹೊಟ್ಟೆ ನೋಯುತ್ತದೆಂದು ಒಂದು ಕೈಯಿಂದ ಅದನ್ನು ಅದುಮಿಕೊಂಡು, ನಿಲ್ಲಿಸಲಾಗದೆ, ಗೋಡೆಗೆ ತಲೆ ಕೊಟ್ಟು ನಕ್ಕಳು. ಹೆಂಗಸರಿಗೂ ನಗು ಹತ್ತಿಕೊಂಡಿತು. ಆದರೆ ಪದ ನಿಲ್ಲಿಸುವಂತಿರಲಿಲ್ಲ. ನಗುತ್ತಲೇ ಹೇಳಿದರು, ಹೇಳುತ್ತಲೇ ನಕ್ಕರು.

ಮೊದಲು ನೋಡಿದವರು ಶಿವಮಲ್ಲಮ್ಮನವರು. “ಲೇ ರಂಗಿ, ನಿನ್ ಸೀರ ನೋಡ್ಕಳವ್ವ,” ಎಂದರು.

ಎದೆಯ ಮೇಲಿನ ಬಟ್ಟೆಯಲ್ಲಿ ರಾಗಿ ಕಾಳಿನಷ್ಟಿದ್ದ ಒದ್ದೆ ಅಂಗೈಯಗಲವಾಗುತ್ತಿತ್ತು. ರಂಗಿ ಅದನ್ನು ಮುಟ್ಟಿ ನೋಡಿದಳು, ಬೆರಳು ಮೂಸಿ ನೋಡಿದಳು. ಜವರಮ್ಮ ಪದ ಬಿಡದೆ, ಕೈಯಿಂದಲೇ ಕೂಸನ್ನು ಎತ್ತಿಕೊಡಿ ಎಂದು ತೋರಿಸಿದಳು. ತೋರಾಳೇ ಕೂಸಿಗೆ ಹತ್ತಿರವಿದ್ದವಳು. ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಎರಡು ಕೈಯಲ್ಲೂ ಎತ್ತಿ, ಹಾಡು ಬಿಡದೆಯೇ, ತಾಯಿಯ ಮಡಿಲಿಗೆ ಕೊಟ್ಟಳು.

ಕೂಸು ತಡಕಾಡಿತು. ಇಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ ಒಮ್ಮೆ ಕಿರುಚಿತು. ಆಮೇಲೆ ಹಿಡಿಯಿತು. ರಂಗಿ ಉಸಿರು ಎಳೆದುಕೊಂಡು ಕಣ್ಣು ಮುಚ್ಚಿದಳು. ಒಂದು ಗುಟುಕು ಕೇಳಿಸಿತು, ಸ್ವಲ್ಪ ಬಿಟ್ಟು ಇನ್ನೊಂದು. ಮೂಲೆಯಲ್ಲಿದ್ದವಳು ದನಿ ತಗ್ಗಿಸಿದಳು. ಅವಳ ಪಕ್ಕದವಳು ತಗ್ಗಿಸಿದಳು. ಹೊರಗೆ ಕೆಂಪನ ಕತ್ತಿ ನಿಂತಿತು, ಜಡೆಯನೂ ಬಾಯಿ ಮುಚ್ಚಿದ. ಶಿವಮಲ್ಲಮ್ಮನವರು ಕೂಡ, ಅವರಿಗೆ ಕಷ್ಟವಾದರೂ, ಮೆಲ್ಲಗೆ ಮಾಡಿ ಕೊನೆಗೆ ಸುಮ್ಮನಾದರು.

ತೋರಾಳೂ ನಿಲ್ಲಿಸಲು ಹೋದಳು. ಜವರಮ್ಮ ಮೊಣಕೈಯಿಂದ ತಿವಿದಳು.

“ನೀ ಯೋಳು,” ಎಂದಳು ಪಿಸುದನಿಯಲ್ಲಿ. “ಕೂಸು ಕೇಳ್ತಾದ.”

ತೋರಾ ಹೇಳುತ್ತಾ ಹೋದಳು. ಗುಡಿಸಲಿನ ಹುಲ್ಲಿನ ಸಂದಿಯಿಂದ ಬಿಸಿಲು ಸಣ್ಣಸಣ್ಣದಾಗಿ ಎಲ್ಲರ ಮೇಲೂ ಬಿದ್ದಿತ್ತು. ಬಟ್ಟೆಯಿಂದ ಹೊರಗೆ ಬಂದಿದ್ದ ಕೂಸಿನ ಒಂದು ಪುಟ್ಟ ಕಾಲಿನಲ್ಲಿ ಬೆರಳುಗಳು ಒಂದೊಂದು ಗುಟುಕಿಗೂ ಮಡಚಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು.